ವ್ಯಾಕ್ಯೂಮ್ ಫುಲ್ ಕೊಡುವ ಮೊದಲು ಪಾಳಿ ನೋಡ್ರಿ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ದೊಡ್ಡ ಟೇಬಲ್ ಇಟ್ಟುಕೊಂಡು ಜೀವನ ಮಾಡುವವರು ಇದನ್ನೊಮ್ಮೆ ಓದಿ. ಜನವರಿಯ ಒಂದು ಸೋಮವಾರ ಬೆಳಿಗ್ಗೆ ಎರಡು ತಾಸಿಗೂ ಹೆಚ್ಚು ಹೊತ್ತು, ಬ್ಯಾಡಗಿಯಲ್ಲಿ ನಮ್ಮ ಸಾಫ್ಟ್‌ವೇರ್ ನಂಬಿದ ಒಂದು ದಲಾಲಿ ಅಂಗಡಿಗೂ ಲಾಟ್ ಚೀಟಿ ಬರಲಿಲ್ಲ. ಅದು ನಾನೇ ಕೈಯಾರೆ ಮಾಡಿದ್ದು.

ನಮ್ಮದು ಹುಬ್ಬಳ್ಳಿ ವಿದ್ಯಾನಗರದಲ್ಲಿ ಆರು ಜನರ ಆಫೀಸು. ಮೆಣಸಿನಕಾಯಿ ಅಂಗಡಿಗಳ ಲಾಟ್, ತೂಕ, ಪಟ್ಟಿ, ಬಾಕಿ ಎಲ್ಲ ನಮ್ಮ ಸರ್ವರ್‌ನಲ್ಲಿ, ಪೋಸ್ಟ್‌ಗ್ರೆಸ್ 14ರ ಮೇಲೆ. ಮುಖ್ಯ ಟೇಬಲ್ ಒಂದರಲ್ಲೇ 40 ಕೋಟಿ ಸಾಲು, ಅದಕ್ಕೆ ಆರು ಇಂಡೆಕ್ಸ್ (ಸಾಲು ಬೇಗ ಹುಡುಕುವ ಸೂಚಿ). ಬಾಕಿ ಲೆಕ್ಕ ಹಾಕುವ ಕೆಲಸವೊಂದು ರಾತ್ರಿಗೆ ಸುಮಾರು 40 ಲಕ್ಷ ಸಾಲು ತಿದ್ದುತ್ತದೆ. ತಿದ್ದಿದ ಪ್ರತಿ ಸಾಲಿನ ಹಳೇ ಪ್ರತಿ ಅಲ್ಲೇ ಸತ್ತು ಬಿದ್ದಿರುತ್ತದೆ, ಗೊತ್ತಲ್ಲ. ಅದನ್ನು ಗುಡಿಸಲು ರವಿವಾರ ರಾತ್ರಿ ವ್ಯಾಕ್ಯೂಮ್ ಎಂಬ ಕಮಾಂಡ್.

ಎರಡು ತಾಸಿನಲ್ಲಿ ಮುಗಿಯುತ್ತಿದ್ದ ಈ ಕೆಲಸ ಮೂರಾಯಿತು, ಮುಂದಿನ ವಾರ ಐದಾಯಿತು, ಆಮೇಲೆ ಏಳು. ಡಿಸ್ಕ್ ಹಳೆಯದಾಗಿದೆ ಎಂದು ನಾನೇ ತೀರ್ಮಾನಿಸಿ, ಮಾಲೀಕರಿಗೆ ಹೇಳಿ ಹೊಸ ಎಸ್‌ಎಸ್‌ಡಿಗೆ ಕೊಟೇಶನ್ ಕೂಡ ತರಿಸಿದೆ. ಅಷ್ಟರಲ್ಲಿ ಲಾಗ್‌ನಲ್ಲಿ ಪ್ರತಿ ವಾರ ಒಂದು ಸಾಲು ಬರುತ್ತಿತ್ತು: ಇಷ್ಟು ಸತ್ತ ಸಾಲುಗಳನ್ನು ಇನ್ನೂ ತೆಗೆಯಲು ಆಗುವುದಿಲ್ಲ, ಅತಿ ಹಳೆಯ ಎಕ್ಸ್‌ಮಿನ್ (ಇನ್ನೂ ಯಾರಿಗೋ ಬೇಕಾಗಿರುವ ಅತಿ ಹಳೆಯ ಟ್ರಾನ್ಸಾಕ್ಷನ್‌ನ ನಂಬರ್) ಇಂಥದ್ದು, ಅಂತ. ಕಣ್ಣಿಗೆ ಬಿದ್ದಿತ್ತು. ಓದಿರಲಿಲ್ಲ.

ಆ ರವಿವಾರ ತಾಳ್ಮೆ ಕೆಟ್ಟು ರಾತ್ರಿ 11:40ಕ್ಕೆ ವ್ಯಾಕ್ಯೂಮ್ ಫುಲ್ ಕೊಟ್ಟೆ. ಇದು ಬರೀ ಗುಡಿಸುವುದಿಲ್ಲ, ಇಡೀ ಟೇಬಲನ್ನು ಹೊಸದಾಗಿ ಬರೆಯುತ್ತದೆ. ಬರೆಯುವಷ್ಟು ಹೊತ್ತು ಯಾರೂ ಓದಲೂ ಆಗದಂತೆ ಬೀಗ ಹಾಕುತ್ತದೆ, ಹೊಸ ಪ್ರತಿಗೆ ಬೇರೆ ಜಾಗವನ್ನೂ ಕೇಳುತ್ತದೆ. ಇಷ್ಟು ನನಗೂ ಗೊತ್ತಿತ್ತು. ಜಾಗ ನೋಡಿಯೇ ಕೊಟ್ಟಿದ್ದೆ. ಬೆಳಗಾಗುವುದರೊಳಗೆ ಮುಗಿದೀತು ಎಂದು ಮಲಗಿಬಿಟ್ಟೆ.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ. ಸೀಸನ್‌ನಲ್ಲಿ ಒಂದೇ ದಿನಕ್ಕೆ ಲಕ್ಷ ಮೀರಿ ಚೀಲ ಬಂದು ಬೀಳುತ್ತವೆ. ಆರೂಕಾಲಿಗೆ ಮುನೀಮರೊಬ್ಬರ ಫೋನು: “ಸರ್ರ, ಚೀಟಿ ಬರವಲ್ದ್ರೀ. ಬರೇ ಗೋಲ್ ತಿರಗಾಕತ್ತೈತಿ. ರೈತರು ಚೀಲದ ಮ್ಯಾಲ ಕುಂತಾರ.” ಇನ್ನೊಂದು ಅರ್ಧ ತಾಸು ತಡೀರಿ ಎಂದೆ. ವ್ಯಾಕ್ಯೂಮ್ ಮುಗಿಯಲು ಬಂದಿರಬೇಕು ಎಂಬ ಭ್ರಮೆ. ಏಳೂವರೆಗೆ ಹದಿನೇಳು ಮಿಸ್ಡ್ ಕಾಲ್ ಇದ್ದವು.

ಗದಗಿನಿಂದ ಬಂದು ನಮ್ಮಲ್ಲಿ ಆರು ತಿಂಗಳಾದ ಹುಡುಗಿಯೊಬ್ಬಳು ಮನೆಯಿಂದಲೇ ಲಾಗಿನ್ ಆಗಿ ಯಾವ ಸೆಶನ್ (ಸಂಪರ್ಕ) ಏನು ಮಾಡುತ್ತಿದೆ ಎಂದು ತೋರಿಸುವ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ತೆಗೆದು ನೋಡಿದಳು. “ಸರ್, ನಿಮ್ಮ ವ್ಯಾಕ್ಯೂಮ್ ಫುಲ್ ಓಡಾಕತ್ತೇ ಇಲ್ರೀ. ಪಾಳಿ ಹಚ್ಚಿ ನಿಂತೈತಿ.”

ಹೌದು, ಆ ಸಾಲಿನ ಕಾಯುವಿಕೆಯ ಕಾಲಮ್‌ನಲ್ಲಿ ‘ಲಾಕ್’ ಎಂದಿತ್ತು. ಪ್ರಗತಿ ತೋರಿಸುವ ವ್ಯೂ ಪೂರ್ತಿ ಖಾಲಿ. ಯಾರನ್ನು ಯಾರು ತಡೆದಿದ್ದಾರೆ ಎಂದು ಹೇಳುವ ಪಿಜಿ_ಬ್ಲಾಕಿಂಗ್_ಪಿಡ್ಸ್‌ಗೆ ಕೇಳಿದರೆ ಚೀಟಿ ಕೇಳಿದವರೆಲ್ಲ ನನ್ನ ವ್ಯಾಕ್ಯೂಮ್ ಹಿಂದೆ, ನನ್ನ ವ್ಯಾಕ್ಯೂಮ್ ಇನ್ಯಾವುದೋ ಒಂದು ಸೆಶನ್ ಹಿಂದೆ. ಆ ಸೆಶನ್ ಶುರುವಾಗಿದ್ದು 23 ದಿನದ ಹಿಂದೆ! ಸ್ಥಿತಿ: ಐಡಲ್ ಇನ್ ಟ್ರಾನ್ಸಾಕ್ಷನ್, ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತಿದೆ. ತಿಂಗಳ ವರದಿಯ ಸ್ಕ್ರಿಪ್ಟ್ ಅದು. ಇದೇ ಟೇಬಲ್ ಮೇಲೆ ಕರ್ಸರ್ ತೆರೆದು ಸ್ವಲ್ಪಸ್ವಲ್ಪವೇ ಓದುತ್ತ, ನಡುವೆ ಮೇಲ್ ಕಳಿಸಲು ಹೋಗಿ ಉತ್ತರ ಬಾರದೆ ಸುಮ್ಮನೆ ಕೂತಿತ್ತು. ಟೈಮ್‌ಔಟ್ ಹಾಕದೆ ಬರೆದವನೂ ನಾನೇ, ಬಿಡಿ.

ಮಾರ್ಕೆಟ್ ಓಣಿಯಲ್ಲಿ ಯಾರೋ ಟಂಟಂ ನಿಲ್ಲಿಸಿ ಚಹಾಕ್ಕೆ ಹೋಗಿರುತ್ತಾರೆ. ಸಣ್ಣ ಗಾಡಿಗಳು ಹೇಗೋ ಪಕ್ಕದಲ್ಲಿ ನುಸುಳುತ್ತಿರುತ್ತವೆ. ಅಲ್ಲಿಗೆ ಓಣಿಯೆಲ್ಲ ನನಗೇ ಬೇಕೆನ್ನುವ ಲಾರಿಯೊಂದು ಬಂದು ನಿಂತಿತೋ, ಹಿಂದಿನವರ ಕಥೆ ಮುಗಿಯಿತು. ಆ ಲಾರಿ ನನ್ನದು. 23 ದಿನ ಆ ಟಂಟಂ ಯಾರ ಚೀಟಿಯನ್ನೂ ತಡೆದಿರಲಿಲ್ಲ. ಆದರೆ ಅದರ ಹಳೇ ಸ್ನ್ಯಾಪ್‌ಶಾಟ್‌ಗೆ (ಅದು ಓದಲು ಶುರುಮಾಡಿದಾಗ ಡೇಟಾ ಇದ್ದ ಚಿತ್ರಕ್ಕೆ) ಬೇಕಾದೀತೆಂದು ಪೋಸ್ಟ್‌ಗ್ರೆಸ್ ಆಮೇಲೆ ಸತ್ತ ಒಂದು ಸಾಲನ್ನೂ ತೆಗೆಯುವಂತಿರಲಿಲ್ಲ. ವಾರವಾರ ವ್ಯಾಕ್ಯೂಮ್ ಕಸದ ರಾಶಿ ತಿರುವಿ ಹಾಕಿ ಬರಿಗೈಲಿ ವಾಪಸ್ ಬರುತ್ತಿತ್ತು, ರಾಶಿ ಬೆಳೆದಂತೆ ಹೊತ್ತೂ ಬೆಳೆಯಿತು.

8:35ಕ್ಕೆ ಮೊದಲು ವ್ಯಾಕ್ಯೂಮ್ ಫುಲ್ ರದ್ದು ಮಾಡಿದೆವು, ಆಮೇಲೆ ಆ ಸೆಶನ್ ಕೊಂದೆವು. ಈ ಕ್ರಮ ಮುಖ್ಯ. ಮೊದಲು ಸೆಶನ್ ಕೊಂದಿದ್ದರೆ ವ್ಯಾಕ್ಯೂಮ್‌ಗೆ ಬೀಗ ಸಿಕ್ಕು, ಹಾಡಹಗಲೇ 40 ಕೋಟಿ ಸಾಲು ಬರೆಯಲು ಶುರುವಿಡುತ್ತಿತ್ತು. ಸೆಕೆಂಡುಗಳಲ್ಲಿ ಅಂಗಡಿಗಳಲ್ಲಿ ಪ್ರಿಂಟರ್ ಕಿರ್ ಎನ್ನತೊಡಗಿದವು.

ರಾತ್ರಿ ಸಾದಾ ವ್ಯಾಕ್ಯೂಮ್ ಕೊಟ್ಟರೆ ಮತ್ತೊಂದು ತಾಪತ್ರಯ. ಸತ್ತ ಸಾಲು ಈಗ 9 ಕೋಟಿ. ವ್ಯಾಕ್ಯೂಮ್‌ಗೆ ಎಷ್ಟು ಮೆಮೊರಿ ಎಂದು ಹೇಳುವ ಮೇಂಟೆನನ್ಸ್_ವರ್ಕ್_ಮೆಮ್ ಮಾತ್ರ ಡಿಫಾಲ್ಟ್ 64 ಎಂಬಿಯಲ್ಲೇ ಇತ್ತು. 14ರಲ್ಲಿ ಒಂದೊಂದು ಸತ್ತ ಸಾಲಿನ ವಿಳಾಸ ನೆನಪಿಡಲು 6 ಬೈಟ್ ಬೇಕು. 64 ಎಂಬಿಗೆ ಹಿಡಿಯುವುದು 1.1 ಕೋಟಿ ಚಿಲ್ಲರೆ. ತುಂಬಿದಾಗಲೆಲ್ಲ ಆರೂ ಇಂಡೆಕ್ಸ್ ಮೊದಲಿನಿಂದ ಕೊನೆವರೆಗೆ ಓದಬೇಕು. ಅಂದರೆ ಒಂಬತ್ತು ಸುತ್ತು. ಎರಡು ಸುತ್ತು ಮುಗಿದಾಗ ನಿಲ್ಲಿಸಿ, ಮೆಮೊರಿ 1 ಜಿಬಿಗೆ ಏರಿಸಿ ಮತ್ತೆ ಕೊಟ್ಟೆ. ಉಳಿದದ್ದೆಲ್ಲ ಒಂದೇ ಸುತ್ತಿಗೆ ಹೋಯಿತು. ಹದಿನೇಳನೇ ಆವೃತ್ತಿಯಲ್ಲಿ ಈ ಲೆಕ್ಕಾಚಾರವನ್ನೇ ಬದಲಿಸಿದ್ದಾರೆ; ಹಳೆಯದರ ಮೇಲೆ ಇರುವವರು ಇಂದೇ ನೋಡಿಕೊಳ್ಳಿ.

ಹೇಳದೆಯೇ ತಾನೇ ಗುಡಿಸುವ ಆಟೋವ್ಯಾಕ್ಯೂಮ್ ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಅದರ ಡಿಫಾಲ್ಟ್ 0.2, ಅಂದರೆ ಟೇಬಲಿನ ಐದನೇ ಒಂದು ಪಾಲು ಸತ್ತ ಮೇಲೆ ಏಳುತ್ತದೆ. ನಮಗದು 8 ಕೋಟಿ. ಈಗ ಆ ಟೇಬಲ್‌ಗೆ ಮಾತ್ರ 0.01 ಮಾಡಿದ್ದೇನೆ. ಟ್ರಾನ್ಸಾಕ್ಷನ್ ತೆರೆದಿಟ್ಟು ಹತ್ತು ನಿಮಿಷ ಸುಮ್ಮನಿದ್ದ ಸೆಶನ್ ತಾನೇ ಸಾಯುವಂತೆ ಟೈಮ್‌ಔಟ್ ಹಾಕಿದ್ದೇನೆ. ಬೀಗ ಬೇಡುವ ಯಾವುದೇ ಕಮಾಂಡ್‌ಗೆ ಮೊದಲು ಲಾಕ್_ಟೈಮ್‌ಔಟ್ ಐದು ಸೆಕೆಂಡ್. ಸಿಗದಿದ್ದರೆ ಲಾರಿ ತಾನೇ ಹಿಂದೆ ಸರಿಯಲಿ.

ಮುಂದಿನ ರವಿವಾರ ವ್ಯಾಕ್ಯೂಮ್ ಒಂದೂಮುಕ್ಕಾಲು ತಾಸಿಗೆ ಮುಗಿಯಿತು, ಅದೇ ಹಳೇ ಡಿಸ್ಕ್ ಮೇಲೆ. ಎಸ್‌ಎಸ್‌ಡಿ ಕೊಟೇಶನ್ ಏನಾಯಿತು ಎಂದು ಮಾಲೀಕರು ಇನ್ನೂ ಕೇಳಿಲ್ಲ. ನಾನೂ ಎತ್ತಿಲ್ಲ.