ಕಾಫಿ ದುಡ್ಡಲ್ಲಿ ಬಿಟ್‌ಕಾಯಿನ್: ಎಕ್ಸ್‌ಚೇಂಜ್‌ನಲ್ಲೋ, ಸ್ವಂತ ವಾಲೆಟ್‌ನಲ್ಲೋ?

ಕಾಫಿ ಮಾರಿದ ದುಡ್ಡಲ್ಲಿ ಸ್ವಲ್ಪ ಬಿಟ್‌ಕಾಯಿನ್ (ಡಿಜಿಟಲ್ ಹಣ) ಕೊಳ್ಳಬೇಕು ಅನ್ನುವವರು ವಿರಾಜಪೇಟೆ, ಸೋಮವಾರಪೇಟೆ ಕಡೆಯೂ ಇದ್ದಾರೆ. ಸರ್ಕಾರ ನಾಳೆ ಇದನ್ನು ನಿಷೇಧಿಸಿದರೆ ಏನಾಗುತ್ತೆ? ಅದು ನೀವು ಎಲ್ಲಿ ಇಡುತ್ತೀರಿ ಅನ್ನೋದರ ಮೇಲಿದೆ.

ಭಾರತದ ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಬಿಟ್‌ಕಾಯಿನ್ ಕೊಂಡು ಮಾರಲು ಇರುವ ಕಂಪನಿಯಲ್ಲಿ, ಇಟ್ಟರೆ ಸರ್ಕಾರದ ಕೈಗೆ ಸುಲಭವಾಗಿ ಸಿಗುತ್ತೀರಿ. ಪ್ಯಾನ್ ಕೊಟ್ಟಿರುತ್ತೀರಲ್ಲ. ಮಾರಿದಾಗ ಶೇ 1 ಟಿಡಿಎಸ್ (ಮೊದಲೇ ಕಡಿತವಾಗುವ ತೆರಿಗೆ), ಲಾಭಕ್ಕೆ ಶೇ 30 ತೆರಿಗೆ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಇದಕ್ಕೇ. 2018ರಲ್ಲಿ ರಿಸರ್ವ್ ಬ್ಯಾಂಕ್ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕ್‌ಗಳ ಬಾಗಿಲು ಮುಚ್ಚಿಸಿದಾಗ ಪೆಟ್ಟು ಬಿದ್ದದ್ದೂ ಎಕ್ಸ್‌ಚೇಂಜ್‌ಗಳಿಗೇ. 2020ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು.

ಸ್ವಂತ ವಾಲೆಟ್ ಅಂದರೆ ಬಿಟ್‌ಕಾಯಿನ್ ನಿಮ್ಮ ಹಿಡಿತದಲ್ಲೇ ಇಟ್ಟುಕೊಳ್ಳುವ ಆ್ಯಪ್ ಅಥವಾ ಸಾಧನ; ಅದಕ್ಕೆ 12 ಅಥವಾ 24 ಪದಗಳೇ ಕೀಲಿ. ಆ ಕೀಲಿ ನಿಮ್ಮ ಹತ್ತಿರ ಮಾತ್ರ ಇದ್ದರೆ ಬೇರೆಯವರು ಬಿಟ್‌ಕಾಯಿನ್ ಮುಟ್ಟಲಾಗದು. ಚೀನಾ 2021ರಲ್ಲಿ ವ್ಯವಹಾರವನ್ನೇ ನಿಷೇಧಿಸಿತು, ಆದರೂ ಬಿಟ್‌ಕಾಯಿನ್ ಜಾಲ ನಿಲ್ಲಲಿಲ್ಲ. ಆದರೆ ಪದ ಬರೆದ ಚೀಟಿ ಇಲ್ಲಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಅಕ್ಷರ ಅಳಿಸಿಹೋದರೆ ಯಾವ ಬ್ಯಾಂಕ್ ಮ್ಯಾನೇಜರೂ ಕಾಪಾಡಲ್ಲ. ರೂಪಾಯಿ ಮಾಡಿಕೊಳ್ಳಲು ಸಾಮಾನ್ಯವಾಗಿ ಮತ್ತೆ ಎಕ್ಸ್‌ಚೇಂಜ್‌ಗೇ ಬರಬೇಕು, ಅಲ್ವಾ? ತೆರಿಗೆಯೂ ತಪ್ಪಲ್ಲ.

ಗೊಬ್ಬರಕ್ಕೋ ಕೂಲಿಗೋ ಬೇಕಾಗುವ ದುಡ್ಡಾದರೆ ಎರಡೂ ಬೇಡ. ಸಣ್ಣ ಮೊತ್ತಕ್ಕೆ ನೋಂದಾಯಿತ ಎಕ್ಸ್‌ಚೇಂಜ್ ಸಾಕು. ವರ್ಷಗಟ್ಟಲೆ ಮುಟ್ಟದೆ ಇಡುವವರಿಗೆ ಮಾತ್ರ ವಾಲೆಟ್.