ಇಂಟರ್ನೆಟ್ ಡಿಶ್ ಬಂತು ಅಂತ ಟಿವಿ ಡಿಶ್ ಕೀಳಿಸಬೇಡಿ

ಮನೆಗೆ ಸ್ಯಾಟಲೈಟ್ ಇಂಟರ್ನೆಟ್ ಹಾಕಿಸಿಕೊಂಡು ಟಿವಿಯನ್ನೂ ಅದರಲ್ಲೇ ನೋಡೋಣ ಅಂತ ಲೆಕ್ಕ ಹಾಕುತ್ತಿದ್ದೀರಾ? ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ. ನಾನು ಏನೂ ಓದದೆ ಸಹಿ ಹಾಕಿದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಮನೆ ಇರುವ ಕಡೆಗೆ ಫೈಬರ್ ಬಂದಿಲ್ಲ. ಮೊಬೈಲ್ ಸಿಗ್ನಲ್ ಬೇಕಂದ್ರೆ ಮಹಡಿಯ ಒಂದು ಮೂಲೆಗೆ ಹೋಗಿ ನಿಲ್ಲಬೇಕು. ಹಾಗಾಗಿ 'ಆಕಾಶ ಕಂಡರೆ ಸಾಕು, 25 ಎಂಬಿಪಿಎಸ್‌ವರೆಗೆ ಸ್ಪೀಡ್, ಅನ್‌ಲಿಮಿಟೆಡ್' ಅಂತ ಒಬ್ಬರು ಬಂದು ಹೇಳಿದಾಗ ದೇವರೇ ಕಳಿಸಿದ ಹಾಗಾಯಿತು. ನಾನೂ ನನಗೆ ತಿಳಿದಷ್ಟು ವಿಚಾರಿಸಿದೆ. ಎಚ್‌ಡಿಗೆ 5 ಎಂಬಿಪಿಎಸ್ ಇದ್ದರೆ ಸಾಕು, 4ಕೆಗೆ 15 ಬೇಕು. 25 ಇದೆ ಅಂದಮೇಲೆ ಇನ್ನೇನು?

ಕನೆಕ್ಷನ್ ಕೊಡಲು ಬಂದ ಹುಡುಗ ಡಿಶ್ ಕೂರಿಸಿದ, ಸ್ಪೀಡ್ ಟೆಸ್ಟ್ ತೋರಿಸಿದ. 27 ಬಂತು. ಹೋಗುವಾಗ ಮೇಲಿದ್ದ ಹಳೇ ಟಿವಿ ಡಿಶ್ ನೋಡಿ, "ಮೇಡಂ, ಅದೂ ಡಿಶ್, ಇದೂ ಡಿಶ್. ಎರಡಕ್ಕೂ ಸುಮ್ನೆ ಯಾಕೆ ದುಡ್ಡು ಕಟ್ತೀರಾ?" ಅಂದ. ನನಗೂ ಸರಿ ಅನಿಸಿತು. ಅವತ್ತೇ ಹಳೇ ಕನೆಕ್ಷನ್ ನಿಲ್ಲಿಸಿದೆ. ಅತ್ತೆ "ಇರಲಿ ಬಿಡಮ್ಮಾ, ಒಂದು ತಿಂಗಳು ನೋಡು" ಅಂದರು. ಕೇಳಬೇಕಿತ್ತು.

ಎರಡೂ ಡಿಶ್ ನಿಜ, ಕೆಲಸ ಮಾತ್ರ ಬೇರೆ ಬೇರೆ. ಟಿವಿ ಡಿಶ್‌ಗೆ ಬರೋದು ಮಳೆ ಇದ್ದ ಹಾಗೆ. ನೀವು ಪಾತ್ರೆ ಇಟ್ಟರೂ ಇಡದಿದ್ದರೂ ಎಲ್ಲರ ಮನೆ ಮೇಲೂ ಒಂದೇ ಸಮ ಸುರಿಯುತ್ತಿರುತ್ತದೆ. ದಿನಪೂರ್ತಿ ನೋಡಿದರೂ ಯಾರೂ ಅಳೆಯುವುದಿಲ್ಲ. ಇಂಟರ್ನೆಟ್ ಡಿಶ್‌ನಲ್ಲಿ ಒಂದೊಂದು ಕೊಡವನ್ನೂ ನಿಮಗೆ ಅಂತಲೇ ಮೇಲಿಂದ ಇಳಿಸಬೇಕು. ವಿಡಿಯೊವನ್ನು ಮೊದಲೇ ಕೆಲವೇ ಸೆಕೆಂಡುಗಳ ತುಂಡು ಮಾಡಿಟ್ಟಿರುತ್ತಾರೆ, ಟಿವಿಯಲ್ಲಿರುವ ಆ್ಯಪ್ ಒಂದೊಂದೇ ತುಂಡು ಕೇಳಿ ತರಿಸಿಕೊಳ್ಳುತ್ತದೆ. ಪ್ರತಿ ತುಂಡೂ ನಿಮ್ಮ ಡೇಟಾ ಲೆಕ್ಕಕ್ಕೆ ಬೀಳುತ್ತದೆ.

ಮೊದಲ ಮೂರು ಸಂಜೆ ಸ್ವರ್ಗ. ಕನ್ನಡಿಯಂಥ ಚಿತ್ರ. ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಕರೆದರು. ಹಾಡು ಹೇಳುತ್ತಿದ್ದವರ ಮುಖ ಚೌಕ ಚೌಕವಾಗಿ ಒಡೆದುಹೋಗಿತ್ತು, ಕಣ್ಣು ಯಾವುದು ಮೂಗು ಯಾವುದು ತಿಳಿಯುತ್ತಿರಲಿಲ್ಲ. ಎರಡು ಸಾಲು ಹಾಡು, ಆಮೇಲೆ ತಿರುಗುವ ಚಕ್ರ. ಮತ್ತೆ ಅರ್ಧ ಸಾಲು, ಮತ್ತೆ ಚಕ್ರ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ.

"ಮೇಡಂ, ನಿಮ್ಮ 100 ಜಿಬಿ ಮುಗಿದಿದೆ."

"ಅನ್‌ಲಿಮಿಟೆಡ್ ಅಂದಿದ್ರಲ್ಲ?"

"ಹೌದು ಮೇಡಂ, ಅನ್‌ಲಿಮಿಟೆಡ್ಡೇ. ಕಟ್ ಆಗಲ್ಲ. ಸ್ಪೀಡ್ ಮಾತ್ರ 1 ಎಂಬಿಪಿಎಸ್‌ಗೆ ಇಳಿಯುತ್ತೆ."

ಹೊಸ ತಿಂಗಳು ಶುರುವಾಗಲು ಇನ್ನೂ 26 ದಿನ ಇತ್ತು.

ಮೂರೇ ದಿನಕ್ಕೆ 100 ಜಿಬಿ ಹೇಗೆ ಖಾಲಿಯಾಯಿತು? ಮೊದಲು ನಾನು ನಂಬಲಿಲ್ಲ, ಜಗಳಾನೂ ಆಡಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಎಚ್‌ಡಿ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ, 4ಕೆ ಸುಮಾರು 7. ನಮ್ಮದು 4ಕೆ ಟಿವಿ. ಆ್ಯಪ್‌ನಲ್ಲಿ ಕ್ವಾಲಿಟಿ 'ಆಟೋ' ಅಂತ ಇದ್ದರೆ, ಸ್ಪೀಡ್ ಸಿಕ್ಕಷ್ಟೂ ಮೇಲಿನ ದರ್ಜೆಯ ಚಿತ್ರವನ್ನೇ ಎಳೆದುಕೊಳ್ಳುತ್ತದೆ. ಸಂಜೆಗೆ ಮೂರು ಗಂಟೆ ಅಂದರೆ 21 ಜಿಬಿ, ಮೂರು ಸಂಜೆಗೆ 63. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು?

ಟಿವಿಯ ಹಿಂದೆ ಕೈ ಹಾಕಿದಾಗ ಗೊತ್ತಾಯಿತು. ಇಂಟರ್ನೆಟ್ ವಿಡಿಯೊವನ್ನು ಟಿವಿಗೆ ತರುವ ಪುಟ್ಟ ಸಾಧನ, ಸ್ಟ್ರೀಮಿಂಗ್ ಸ್ಟಿಕ್, ಬಿಸಿಯಾಗಿತ್ತು. ಅದರ ಅಡಾಪ್ಟರ್ ನೇರ ಗೋಡೆಯ ಪ್ಲಗ್‌ಗೆ ಹಾಕಿತ್ತು. ರಿಮೋಟ್‌ನಲ್ಲಿ ಟಿವಿ ಆಫ್ ಮಾಡಿದರೆ ಪರದೆ ಕಪ್ಪಾಗುತ್ತದೆ ಅಷ್ಟೇ, ಎಲ್ಲ ಮನೆಯಲ್ಲೂ ಸ್ಟಿಕ್ ನಿಲ್ಲುತ್ತದೆ ಅಂತೇನಿಲ್ಲ. ನೋಡಿದವುಗಳ ಪಟ್ಟಿ ತೆಗೆದರೆ, ಮಗಳು ಹಿಂದಿನ ರಾತ್ರಿ ನೋಡಿ ಮಲಗಿದ್ದು 4ನೇ ಎಪಿಸೋಡ್; ಪಟ್ಟಿಯಲ್ಲಿ 12ನೇದೂ ಮುಗಿದಿತ್ತು. ಮುಕ್ಕಾಲು ಗಂಟೆಯ ಎಂಟು ಎಪಿಸೋಡ್, ಒಟ್ಟು ಆರು ಗಂಟೆ, 42 ಜಿಬಿ. ಮನೆಯವರೆಲ್ಲ ಗೊರಕೆ ಹೊಡೆಯುತ್ತಿದ್ದಾಗ ಕತ್ತಲೆ ಪರದೆಗೆ ಅದೊಂದೇ ಕಥೆ ಹೇಳುತ್ತಿತ್ತು! ಕೆಲವು ಆ್ಯಪ್‌ಗಳು 'ಇನ್ನೂ ನೋಡ್ತಿದ್ದೀರಾ?' ಅಂತ ಕೇಳುತ್ತವೆ. ಇದು ಕೇಳಲಿಲ್ಲ.

ಸ್ಪೀಡ್ ಕಡಿಮೆಯಾಗಿದೆ ಅಂತ ನಾನು ದಿನಕ್ಕೆ ಹತ್ತು ಸಲ ಸ್ಪೀಡ್ ಟೆಸ್ಟ್ ಮಾಡುತ್ತಿದ್ದೆ. ಅದೂ ಡೇಟಾ ತಿನ್ನುತ್ತದೆ. 25 ಎಂಬಿಪಿಎಸ್‌ನಲ್ಲಿ ಹತ್ತು ಸೆಕೆಂಡ್ ಟೆಸ್ಟ್ ಓಡಿದರೆ 30 ಎಂಬಿಗೂ ಜಾಸ್ತಿ. ಇನ್ನೊಂದು ವಿಷಯ, ಹುಡುಗ ಟೆಸ್ಟ್ ತೋರಿಸಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಒಂದೇ ಉಪಗ್ರಹದ ಸಾಮರ್ಥ್ಯವನ್ನು ಸಾವಿರಾರು ಮನೆ ಹಂಚಿಕೊಳ್ಳುತ್ತವೆ. ಮುಂದಿನ ತಿಂಗಳ ಡೇಟಾ ಕೈಗೆ ಬಂದ ಮೇಲೂ, ಎಲ್ಲರೂ ಟಿವಿ ಮುಂದೆ ಕೂರುವ ರಾತ್ರಿ ಎಂಟೂವರೆಗೆ ಎಷ್ಟೋ ದಿನ ನಮಗೆ ಸಿಕ್ಕಿದ್ದು 4, ಒಮ್ಮೊಮ್ಮೆ 3. 'ವರೆಗೆ' ಅನ್ನೋ ಪದದ ಬೆಲೆ ಆಗ ಅರ್ಥವಾಯಿತು.

ಇದರ ಮೇಲೆ ದೂರದ ಸಮಸ್ಯೆ ಬೇರೆ. ನಮಗೆ ಸಿಕ್ಕಿದ್ದು ಭೂಸ್ಥಿರ ಉಪಗ್ರಹದ, ಅಂದರೆ ಭೂಮಿಯ ಜೊತೆಗೇ ಸುತ್ತುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹದ ಕನೆಕ್ಷನ್. ಅದು ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ರಿಮೋಟ್ ಒತ್ತಿದರೆ ನಮ್ಮ ಕೋರಿಕೆ ಮೇಲೆ ಹೋಗಿ ಕೆಳಗಿಳಿಯಬೇಕು, ಉತ್ತರವೂ ಮೇಲೆ ಹೋಗಿ ಕೆಳಗಿಳಿಯಬೇಕು. ನಾಲ್ಕು ಪಯಣ ಸೇರಿ 1,43,000 ಕಿಲೋಮೀಟರ್ ದಾಟುತ್ತದೆ. ಬೆಳಕಿನ ವೇಗದಲ್ಲಿ ಓಡಿದರೂ ಅರ್ಧ ಸೆಕೆಂಡ್ ಹತ್ತಿರ ಬೇಕು. ನಿಜದಲ್ಲಿ 600 ಮಿಲಿಸೆಕೆಂಡ್ ದಾಟುತ್ತದೆ. ಎಷ್ಟೇ ದುಬಾರಿ ಪ್ಲಾನ್ ತೆಗೆದುಕೊಂಡರೂ ಈ ದೂರ ಕಡಿಮೆಯಾಗಲ್ಲ. ಸಿನಿಮಾ ನೋಡಲು ಇದರಿಂದ ದೊಡ್ಡ ತೊಂದರೆ ಇಲ್ಲ, ನಿಜ ಹೇಳಬೇಕು. ಮುಂದಿನ ತುಂಡುಗಳು ಮೊದಲೇ ಬಂದು ಕೂತಿರುತ್ತವೆ. ಆದರೆ ಮೆನು ಸರಿಸಿದಾಗ, ಹತ್ತು ನಿಮಿಷ ಮುಂದೆ ಹಾರಿಸಿದಾಗ ಕಾಯಬೇಕು.

ಲೈವ್ ಮ್ಯಾಚ್ ಕೇಳಲೇಬೇಡಿ. ಲೈವ್‌ನಲ್ಲಿ ಮುಂಚೆಯೇ ತುಂಬಿಟ್ಟುಕೊಳ್ಳಲು ಜಾಸ್ತಿ ಏನೂ ಇರುವುದಿಲ್ಲ. ಒಂದು ಸಣ್ಣ ಅಡಚಣೆ ಬಂದರೂ ಚಿತ್ರ ನಿಂತುಬಿಡುತ್ತದೆ. ಪಕ್ಕದ ಮನೆಯವರು ಹಳೇ ಡಿಶ್‌ನಲ್ಲಿ ವಿಕೆಟ್ ಬಿದ್ದಿದ್ದು ನೋಡಿ, ಕೂಗಿ, ಸುಮ್ಮನಾದ ಮೇಲೂ ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಇದರಲ್ಲಿ ಉಪಗ್ರಹದ ಪಾಲು ಒಂದಿಷ್ಟೇ, ಉಳಿದದ್ದು ಲೈವ್ ಸ್ಟ್ರೀಮಿಂಗ್‌ನದೇ ವಿಳಂಬ. ನನ್ನ ಗಂಡನಿಗೆ ಈ ವಿಂಗಡಣೆ ಬೇಕಿಲ್ಲ, ಬೈಗುಳವೆಲ್ಲ ನನಗೇ.

ಜೋರು ಮಳೆ ಬಂದರೆ ಕಥೆ ಮುಗಿಯಿತು. ಹನಿಗಳೇ ಸಿಗ್ನಲ್ ಹೀರಿಕೊಳ್ಳುತ್ತವೆ. ಹಳೇ ಡಿಶ್‌ನಲ್ಲೂ ಹೋಗುತ್ತಿತ್ತು ಅನ್ನಿ. ಆದರೆ ಇಂಥ ಇಂಟರ್ನೆಟ್‌ಗೆ ಹಲವು ಕಡೆ ಬಳಸುವ ರೇಡಿಯೊ ತರಂಗಗಳ ಶ್ರೇಣಿಯಾದ ಕಾ ಬ್ಯಾಂಡ್‌ಗೆ, ಟಿವಿ ಡಿಶ್‌ಗಳ ಕು ಬ್ಯಾಂಡ್‌ಗಿಂತ ಮಳೆಯ ಏಟು ಜಾಸ್ತಿ.

ಈಗ ಕೆಳಗಿನ ಕಕ್ಷೆಯ ಉಪಗ್ರಹಗಳ ಇಂಟರ್ನೆಟ್ ಬಂದಿದೆಯಲ್ಲ ಅಂತ ಕೇಳುತ್ತೀರಿ. ಹೌದು, ಅವು ಕೆಲವು ನೂರರಿಂದ ಸಾವಿರದ ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲೇ ಇರುವುದರಿಂದ ಆ ಅರ್ಧ ಸೆಕೆಂಡಿನ ಗೋಳು ಇಲ್ಲ. ನಿಮಗೆ ಆಯ್ಕೆ ಇದ್ದರೆ ಅದನ್ನೇ ನೋಡಿ. ಆದರೆ ಅವು ಒಂದು ಕಡೆ ನಿಲ್ಲುವುದಿಲ್ಲ, ಓಡುತ್ತಿರುತ್ತವೆ. ಡಿಶ್‌ಗೆ ಆಕಾಶದ ದೊಡ್ಡ ಭಾಗವೇ ಕಾಣಬೇಕು. ನನ್ನ ಸ್ನೇಹಿತೆಯ ಮನೆಯಲ್ಲಿ ಒಂದು ಕೊಂಬೆ ಅಡ್ಡ ಬಂದು, ಆಗಾಗ ಕೆಲವು ಸೆಕೆಂಡ್ ಲೈನ್ ಹೋಗುತ್ತಿತ್ತು. ಸಿನಿಮಾದಲ್ಲಿ ಗೊತ್ತಾಗುತ್ತಿರಲಿಲ್ಲ, ಲೈವ್‌ನಲ್ಲಿ ಪ್ರತಿ ಸಲ ಸಿಕ್ಕಿಬೀಳುತ್ತಿತ್ತು.

ನೀವು ಹಾಕಿಸುವುದಾದರೆ ಸ್ಪೀಡ್ ಎಷ್ಟು ಅಂತ ಆಮೇಲೆ ಕೇಳಿ. ಆ ಸ್ಪೀಡ್‌ನಲ್ಲಿ ಎಷ್ಟು ಜಿಬಿ, ಮುಗಿದ ಮೇಲೆ ಎಷ್ಟಕ್ಕೆ ಇಳಿಯುತ್ತದೆ, ರಾತ್ರಿ ಹೊತ್ತಿನ ಡೇಟಾ ಬೇರೆ ಲೆಕ್ಕವಾ ಅಂತ ಮೊದಲು ಕೇಳಿ, ಬರೆಸಿಕೊಳ್ಳಿ. ರಾತ್ರಿ ಡೇಟಾ ಇದ್ದರೆ ಫೋನಿಗೋ ಟ್ಯಾಬ್ಲೆಟ್‌ಗೋ ಆಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಡೆಮೊ ರಾತ್ರಿ ಎಂಟರ ಮೇಲೆ ತೋರಿಸಿ ಅನ್ನಿ. ಮಾರಲು ಬಂದವರ ಮುಖ ಹೇಗಾಗುತ್ತದೆ ನೋಡಿ. ಮಧ್ಯದಲ್ಲಿ ಬಿಟ್ಟರೆ ದಂಡ ಇದೆಯಾ ಅನ್ನೋದನ್ನೂ ಬಿಡಬೇಡಿ. ನನ್ನ ಕಾಂಟ್ರಾಕ್ಟ್ 24 ತಿಂಗಳದ್ದು, ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಕಟ್ಟಬೇಕಂತೆ. ಅದು ಮೂರನೇ ಪುಟದಲ್ಲಿತ್ತು, ಅಕ್ಷರ ಇರುವೆಯಷ್ಟು.

ಇನ್ನೂ 15 ತಿಂಗಳು ಬಾಕಿ ಇದೆ. ಸದ್ಯಕ್ಕೆ ಆ್ಯಪ್‌ನಲ್ಲಿ ಕ್ವಾಲಿಟಿಯನ್ನು 480ಪಿಗೆ ಇಳಿಸಿ, ಮುಂದಿನ ಎಪಿಸೋಡ್ ತಾನಾಗೇ ಶುರುವಾಗುವ ಆಟೋಪ್ಲೇ ಆಫ್ ಮಾಡಿದ್ದೇನೆ. ಗಂಟೆಗೆ 1 ಜಿಬಿ ಆಸುಪಾಸಿನಲ್ಲಿ ಮುಗಿಯುತ್ತಿದೆ. ಸ್ಟಿಕ್‌ನ ಪ್ಲಗ್‌ಗೆ ಸ್ವಿಚ್ ಹಾಕಿಸಿದ್ದೇವೆ, ರಾತ್ರಿ ಕೊನೆಗೆ ಮಲಗುವವರು ಅದನ್ನು ಆರಿಸಬೇಕು. ಹಳೇ ಟಿವಿ ಡಿಶ್ ಕನೆಕ್ಷನ್ ಕಳೆದ ವಾರ ಮತ್ತೆ ಶುರು ಮಾಡಿಸಿದೆ. ಅತ್ತೆ ಏನೂ ಅನ್ನಲಿಲ್ಲ. ರಿಮೋಟ್ ಒರೆಸಿ ಪಕ್ಕದಲ್ಲಿ ಇಟ್ಟುಕೊಂಡರು.