ಎಲ್‌ಕೆಜಿ ಮಗುವಿಗೆ ಯಾವ ಡಬ್ಬಿ: ಸ್ಟೀಲಾ, ಪ್ಲಾಸ್ಟಿಕ್ಕಾ, ಬಿಸಿ ಉಳಿಸೋದಾ?

ಕಾರ್ಟೂನು, ಬಣ್ಣ ಎಲ್ಲ ಆಮೇಲೆ. ಮಗು ತಾನೇ ಮುಚ್ಚಳ ತೆಗೆದು ಹಾಕುತ್ತದಾ? ಅಂಗಡಿಯಲ್ಲೇ ಅದರ ಕೈಗೆ ಕೊಟ್ಟು ನೋಡಿ.

ಒತ್ತಿ ಮುಚ್ಚುವ ಹಳೇ ಸ್ಟೀಲ್ ಡಬ್ಬಿ ಅಗ್ಗ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಬಿಸಿಬಿಸಿ ಚಿತ್ರಾನ್ನ ತುಂಬಿ ಮುಚ್ಚಿದರೆ ಒಳಗಿನ ಹಬೆ ಆರಿ ನೀರಾಗಿ, ಒತ್ತಡ ಇಳಿದು, ಮುಚ್ಚಳ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಅದನ್ನು ತೆಗೆಯೋಕೆ ದೊಡ್ಡವರೇ ಒದ್ದಾಡಬೇಕು. ಸಾರು ಅನ್ನ ಹಾಕಿದರೆ ಬ್ಯಾಗೆಲ್ಲಾ ಸಾರು. ಪಕ್ಕದಲ್ಲಿ ಕ್ಲಿಪ್, ಮುಚ್ಚಳದಲ್ಲಿ ಸಿಲಿಕೋನ್ ರಿಂಗ್ ಇರುವ ಸ್ಟೀಲ್ ಡಬ್ಬಿ ಇದಕ್ಕಿಂತ ವಾಸಿ. ಬೆಲೆ ಜಾಸ್ತಿ, ಮತ್ತೆ ಆ ರಿಂಗ್ ಬಿಚ್ಚಿ ತೊಳೆದು ಒಣಗಿಸದಿದ್ದರೆ ಕಪ್ಪಗೆ ಬೂಷ್ಟು ಹಿಡಿಯುತ್ತದೆ.

ಪ್ಲಾಸ್ಟಿಕ್ ಹಗುರ, ತೆಗೆಯೋದು ಸುಲಭ. ಅರಿಶಿನದ ಕಲೆ ಮಾತ್ರ ಹೋಗುವುದಿಲ್ಲ, ಒಗ್ಗರಣೆ ವಾಸನೆಯೂ ಅಷ್ಟೇ. ತಳದ ತ್ರಿಕೋನದಲ್ಲಿ 5 ಅಂತ ಇದ್ದರೆ ಅದು ಪಾಲಿಪ್ರೊಪಿಲೀನ್, ಸ್ವಲ್ಪ ಬಿಸಿ ತಡೆಯುತ್ತದೆ. ಆದರೂ ನಾನಂತೂ ಅದರಲ್ಲಿ ಹಣ್ಣು, ಚಕ್ಕುಲಿ, ಬಿಸ್ಕತ್ತು ಬಿಟ್ಟು ಬೇರೇನೂ ಹಾಕುವುದಿಲ್ಲ.

ಬಿಸಿ ಉಳಿಸುವ ಡಬ್ಬಿ ಬಿಸಿಬೇಳೆಬಾತಿಗೆ ಚೆನ್ನ, ದೋಸೆಗೆ ಅಲ್ಲ, ಬೆವತು ಮೆತ್ತಗಾಗುತ್ತದೆ. ಭಾರವೂ ಹೌದು. ಬೆಳಿಗ್ಗೆ ಹತ್ತೂವರೆಗೇ ತಿನ್ನುವ ಮಗುವಿಗೆ ಸುಮ್ನೆ ಯಾಕೆ, ಅಲ್ವಾ?

ನನ್ನ ಆಯ್ಕೆ ಕ್ಲಿಪ್ ಇರುವ ಸ್ಟೀಲ್ ಡಬ್ಬಿ, 350ರಿಂದ 400 ಎಂಎಲ್‌ನದು. ರಿಂಗ್ ಬೇರೆಯಾಗಿ ಸಿಗುತ್ತದಾ ಅಂತ ಕೇಳಿಯೇ ತಗೊಳ್ಳಿ.